ಸಣ್ಣಗಾದಳೆಂದು ಹೊಗಳುವ ಮೊದಲು ನಾಡಿ ಎಣಿಸಿ

‘ಏನ್ ತಿಂತೀಯವ್ವ, ಎಷ್ಟು ಚಂದ ಸಣ್ಣ ಆಗೀದಿ!’

ಊರ ಮದುವೆಯ ಪಂಕ್ತಿಯಲ್ಲಿ ನಮ್ಮ ಬಳಗದ ಗೆಳತಿಯೊಬ್ಬಳಿಗೆ ಸಿಕ್ಕ ಹೊಗಳಿಕೆ ಇದು. ಆ ಹೊತ್ತಿಗೆ ನಾಲ್ಕು ತಿಂಗಳಲ್ಲಿ ಅವಳ ತೂಕ ಒಂಬತ್ತು ಕೆ.ಜಿ. ಇಳಿದಿತ್ತು. ಎರಡು ರೊಟ್ಟಿ ತಿನ್ನುತ್ತಿದ್ದವಳು ಐದು ತಿನ್ನುತ್ತಿದ್ದಳು, ಆದರೂ ಮೈಗೆ ಹತ್ತುತ್ತಿರಲಿಲ್ಲ. ನೀರಿನ ಲೋಟ ಎತ್ತಿದರೆ ಕೈ ನಡುಗಿ ನೀರು ತುಳುಕುತ್ತಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ‘ನಿನ್ನ ಡಯಟ್ ನಮಗೂ ಹೇಳಿಕೊಡೇ’ ಎಂದು ಕೇಳಿದವರಲ್ಲಿ ನಾವೂ ಇದ್ದೆವು.

ಆಮೇಲೆ ಹೊಗಳಿಕೆ ನಿಂತು ಬೈಗುಳ ಶುರುವಾಯಿತು. ನಿದ್ದೆ ಬರದಿದ್ದರೆ ‘ಮೊಬೈಲ್ ಚಟ’ ಎಂದರು. ಸಿಟ್ಟು ಬಂದರೆ ‘ಓದಿದ ಸೊಕ್ಕು’ ಎಂದರು. ಸುಮ್ಮಸುಮ್ಮನೆ ಅತ್ತಾಗ ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸಿದರು. ಮುಟ್ಟು ಏರುಪೇರಾದಾಗ ‘ಮದುವೆ ಮಾಡಿದರೆ ಎಲ್ಲಾ ಸರಿಹೋಗುತ್ತೆ’ ಎಂದರು. ಎದೆ ಡವಡವ ಎನ್ನುತ್ತದೆಂದು ಡಾಕ್ಟರ ಬಳಿ ಹೋದರೆ ‘ಟೆನ್ಷನ್’ ಎಂದು ಹೇಳಿ ನಿದ್ದೆ ಮಾತ್ರೆ ಬರೆದು ಕಳಿಸಿದರು. ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್ ಇದು ಎಂದು ಗೊತ್ತಾಗಲು ಏಳು ತಿಂಗಳು ಬೇಕಾಯಿತು. ಗೊತ್ತಾಗಿದ್ದು ಒಂದೇ ಒಂದು ರಕ್ತಪರೀಕ್ಷೆಯಿಂದ.

ಅವಳು ಈಗ ಚೆನ್ನಾಗಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ನಮ್ಮ ತಕರಾರು ಕಾಯಿಲೆಯ ಮೇಲಲ್ಲ. ಈ ಕಾಯಿಲೆಗೆ ಔಷಧ ಇದೆ, ಮತ್ತು ಅದು ದುಬಾರಿಯೂ ಅಲ್ಲ. ಆದರೆ ಹೆಂಗಸಿನ ಮೈ ಏನೇ ಹೇಳಿದರೂ ಅದನ್ನು ಗುಣಕ್ಕೆ ಹಚ್ಚುವ ನಮ್ಮ ಚಾಳಿಗೆ ಔಷಧ ಸಿಕ್ಕಿಲ್ಲ. ರೋಗ ಪತ್ತೆಯಾದ ಮೇಲೂ ಗುಣವಾಗುವ ದಾರಿಯನ್ನು ದಿನಗೂಲಿಯವರಿಗೆ ಎಟುಕದಷ್ಟು ದೂರ ಇಟ್ಟಿರುವ ವ್ಯವಸ್ಥೆಗೂ ಸಿಕ್ಕಿಲ್ಲ. ಜಗಳ ಇರುವುದು ಈ ಎರಡರ ಜೊತೆ.

ಟ್ಯಾಂಕ್ ತುಂಬಿದರೂ ನಿಲ್ಲದ ಮೋಟರ್

ಮೊದಲು ಕಾಯಿಲೆ ಏನೆಂದು ನೋಡೋಣ. ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ, ಅದೇ ಥೈರಾಯ್ಡ್. ಅದು ಟಿ3, ಟಿ4 ಎಂಬ ಹಾರ್ಮೋನ್ ಮಾಡುತ್ತದೆ. ಮೈ ಎಷ್ಟು ವೇಗವಾಗಿ ಓಡಬೇಕು, ಎದೆ ಎಷ್ಟು ಬಡಿಯಬೇಕು, ತಿಂದದ್ದು ಎಷ್ಟು ಬೇಗ ಖರ್ಚಾಗಬೇಕು ಎಂಬುದನ್ನೆಲ್ಲ ಇವು ನಡೆಸುತ್ತವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಥೈರಾಯ್ಡನ್ನು ಚಾಲೂ ಮಾಡುತ್ತದೆ. ಹಾರ್ಮೋನ್ ಸಾಕಾದರೆ ಟಿಎಸ್‌ಎಚ್ ಕಡಿಮೆ ಮಾಡುತ್ತದೆ. ಬೋರ್‌ವೆಲ್‌ನ ಸ್ಟಾರ್ಟರ್ ಇದ್ದಂತೆ.

ಯಾರೋ ಸ್ಟಾರ್ಟರ್ ಬಿಟ್ಟು ಮೋಟರ್‌ಗೆ ನೇರ ವೈರ್ ಕೊಟ್ಟರು ಅಂದುಕೊಳ್ಳಿ. ನೀವು ಸ್ವಿಚ್ ಆಫ್ ಮಾಡಿದರೂ ಮೋಟರ್ ಓಡುತ್ತಲೇ ಇರುತ್ತದೆ, ಟ್ಯಾಂಕ್ ತುಂಬಿ ಹರಿಯುತ್ತದೆ. ಅತಿಯಾದ ಥೈರಾಯ್ಡ್‌ಗೆ ಹೆಚ್ಚಾಗಿ ಕಾರಣವಾಗುವ ಗ್ರೇವ್ಸ್ ಕಾಯಿಲೆಯಲ್ಲಿ ಆಗುವುದು ಇದೇ. 1835ರಲ್ಲಿ ಇದನ್ನು ವಿವರಿಸಿದ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಅವರ ಹೆಸರು ಅದಕ್ಕಿದೆ. ರೋಗದ ವಿರುದ್ಧ ಹೋರಾಡಬೇಕಾದ ಮೈಯ ಕಾವಲು ಪಡೆಯೇ ದಾರಿ ತಪ್ಪಿ ಥೈರಾಯ್ಡನ್ನು ಒತ್ತಿ ಹಿಡಿಯುತ್ತದೆ. ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬರುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಈ ಕಣ್ಣಿನ ತೊಂದರೆ ಇನ್ನೂ ಜೋರು. ಗ್ರಂಥಿಯಲ್ಲಿ ಬೆಳೆದ ಗಂಟುಗಳಿಂದಲೂ ಥೈರಾಯ್ಡ್ ಅತಿಯಾಗಬಹುದು.

ಹಾಗಾಗಿ ಹಸಿವು ಹೆಚ್ಚಿದರೂ ತೂಕ ಇಳಿಯುತ್ತದೆ. ಎದೆ ಡವಗುಟ್ಟುತ್ತದೆ, ಬೆರಳು ನಡುಗುತ್ತವೆ, ಬೆವರು ಸುರಿಯುತ್ತದೆ, ಸೆಕೆ ತಡೆಯಲಾಗುವುದಿಲ್ಲ. ಪದೇ ಪದೇ ಸಂಡಾಸಿಗೆ ಹೋಗಬೇಕಾಗುತ್ತದೆ. ಕುಳಿತಲ್ಲಿಂದ ಏಳಲು ತೊಡೆಯಲ್ಲಿ ಶಕ್ತಿ ಇರುವುದಿಲ್ಲ. ಸಿಟ್ಟು, ಅಳು, ನಿದ್ದೆಗೇಡು ಕೂಡ ಇದೇ ಹಾರ್ಮೋನಿನ ಕೆಲಸ. ಅದು ಸೊಕ್ಕಲ್ಲ, ಗಾಳಿಯಲ್ಲ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಹಾಗಂತ ಗಂಡಸರಿಗೆ ಬರುವುದಿಲ್ಲ ಎಂದಲ್ಲ. ಗಂಡಸಿನ ಕೈ ನಡುಗಿದರೆ ನಾವು ನೇರವಾಗಿ ‘ಕುಡುಕ’ ಎಂದುಬಿಡುತ್ತೇವೆ. ವಯಸ್ಸಾದವರಲ್ಲಿ ಬರೀ ಸುಸ್ತು ಮತ್ತು ತಾಳ ತಪ್ಪಿದ ನಾಡಿ ಮಾತ್ರ ಇರಬಹುದು. ಅದಕ್ಕೆ ‘ವಯಸ್ಸಾಯ್ತು ಬಿಡಿ’ ಎನ್ನುತ್ತೇವೆ. ಚಿಕಿತ್ಸೆ ಮಾಡದೆ ಬಿಟ್ಟರೆ ಹೃದಯದ ಬಡಿತ ಅಡ್ಡಾದಿಡ್ಡಿಯಾಗುತ್ತದೆ, ಮೂಳೆ ಸವೆಯುತ್ತದೆ, ಕೆಲವೊಮ್ಮೆ ಜೀವಕ್ಕೇ ಬರುತ್ತದೆ.

‘ಥೈರಾಯ್ಡ್ ಐತಂತೆ’ ಅರ್ಧ ಮಾತು

‘ಅವಳಿಗೆ ಥೈರಾಯ್ಡ್ ಐತಂತೆ’ ಎಂದು ಊರೆಲ್ಲ ಹೇಳುತ್ತದೆ. ಯಾವ ಥೈರಾಯ್ಡ್? ಕಡಿಮೆಯದೋ, ಹೆಚ್ಚಿನದೋ? ಯಾರೂ ಕೇಳುವುದಿಲ್ಲ. ‘ಶುಗರ್ ಐತಿ’ ಎಂದಷ್ಟೇ ಸಲೀಸಾಗಿ ಈ ಪದ ಬಳಸುತ್ತೇವೆ. ಆದರೆ ಇವೆರಡೂ ಒಂದಕ್ಕೊಂದು ತದ್ವಿರುದ್ಧ ಕಾಯಿಲೆಗಳು, ಔಷಧವೂ ತದ್ವಿರುದ್ಧ.

ನಮ್ಮಲ್ಲಿ ಹೆಚ್ಚು ಜನಕ್ಕೆ ಇರುವುದು ಕಡಿಮೆ ಥೈರಾಯ್ಡ್. ಅದಕ್ಕೆ ಕೊಡುವ ಲಿವೋಥೈರಾಕ್ಸಿನ್ ಮಾತ್ರೆ ಎಂದರೆ ಥೈರಾಯ್ಡ್ ಹಾರ್ಮೋನೇ. ಹೆಚ್ಚಿನ ಥೈರಾಯ್ಡ್ ಇರುವವರು ಅದನ್ನು ನುಂಗಿದರೆ ಉರಿಯುವ ಬೆಂಕಿಗೆ ಸೀಮೆಎಣ್ಣೆ ಸುರಿದಂತೆ. ನಮ್ಮ ಗೆಳತಿಗೆ ಪಕ್ಕದ ಮನೆಯವರು ಪ್ರೀತಿಯಿಂದಲೇ ತಮ್ಮ ಡಬ್ಬಿಯಿಂದ ಹತ್ತು ಮಾತ್ರೆ ಕೊಟ್ಟಿದ್ದರು. ‘ನನಗೂ ಥೈರಾಯ್ಡೇ, ಇದು ತಗೊಂಡ ಮೇಲೆ ಆರಾಮಾಗೀನಿ’ ಎಂದಿದ್ದರು. ಅವಳು ಎರಡು ದಿನ ನುಂಗಿ, ಎದೆ ಬಡಿತ ತಾಳಲಾರದೆ ಬಿಟ್ಟಳು.

ರಿಪೋರ್ಟ್ ಕೈಯಲ್ಲಿದ್ದರೆ ಒಂದು ಸಂಗತಿ ನೆನಪಿಡಿ. ಟಿಎಸ್‌ಎಚ್ ಹೆಚ್ಚಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಕಡಿಮೆ ಎಂದರ್ಥ. ಟಿಎಸ್‌ಎಚ್ ತೀರಾ ಕೆಳಗಿದ್ದು ಟಿ3, ಟಿ4 ಮೇಲಿದ್ದರೆ ಥೈರಾಯ್ಡ್ ಹೆಚ್ಚು. ಈ ಉಲ್ಟಾ ಲೆಕ್ಕ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ‘ಟಿಎಸ್‌ಎಚ್ ಕಡಿಮೆ ಐತಲ್ಲ, ಒಳ್ಳೇದಾಯ್ತು’ ಎಂದು ರಿಪೋರ್ಟ್ ಮಡಚಿಟ್ಟವರನ್ನು ನಾವು ನೋಡಿದ್ದೇವೆ.

ಅರ್ಧ ಪಾಠ ಶಾಲೆಯಿಂದಲೂ ಬಂದಿದೆ. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಅದು ನಿಜ. ದೇಶದಲ್ಲಿ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಅಯೋಡಿನ್ ಉಪ್ಪಿನಿಂದ ಕೋಟ್ಯಂತರ ಮಕ್ಕಳಿಗೆ ಒಳ್ಳೆಯದಾಗಿದೆ. ಆದರೆ ಕುತ್ತಿಗೆ ಊದಿದ್ದೆಲ್ಲ ಅಯೋಡಿನ್ ಕೊರತೆಯಲ್ಲ. ಅತಿಯಾದ ಥೈರಾಯ್ಡ್‌ನಲ್ಲೂ ಕುತ್ತಿಗೆ ಊದುತ್ತದೆ. ಅಲ್ಲಿ ಅಯೋಡಿನ್ ಪುಡಿ, ಅಯೋಡಿನ್ ಮಾತ್ರೆ ತಂದು ನುಂಗಿದರೆ ಹೆಚ್ಚು ಹಾನಿ. ಅಡುಗೆಗೆ ಹಾಕುವಷ್ಟು ಉಪ್ಪು ತಿನ್ನಿ, ಅದರ ಮೇಲೆ ನೀವೇ ಡಾಕ್ಟರ್ ಆಗಬೇಡಿ.

ಗುಣವಾಗುವುದು ಒಂದು ವಾರದ ಕೆಲಸವಲ್ಲ

ಹೆಚ್ಚಿನ ಥೈರಾಯ್ಡ್‌ಗೆ ಸಾಮಾನ್ಯವಾಗಿ ಮೊದಲು ಕೊಡುವುದು ಕಾರ್ಬಿಮಜೋಲ್ ಎಂಬ ಮಾತ್ರೆ. ಇದು ಹೊಸ ಹಾರ್ಮೋನ್ ತಯಾರಾಗುವುದನ್ನು ತಡೆಯುತ್ತದೆ. ಆಗಲೇ ಗ್ರಂಥಿಯಲ್ಲಿ ತಯಾರಾಗಿ ಕೂತಿದ್ದು ಖರ್ಚಾಗಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಎದೆ ಬಡಿತ, ನಡುಕ ತಗ್ಗಿಸಲು ಪ್ರೊಪ್ರನೊಲಾಲ್‌ನಂಥ ಮಾತ್ರೆ ಕೊಡುತ್ತಾರೆ. ಎರಡು ತಿಂಗಳಿಗೆ ಮೈ ಹಗುರಾಗುತ್ತದೆ, ನಿದ್ದೆ ಬರುತ್ತದೆ.

ಅಪಾಯ ಶುರುವಾಗುವುದೇ ಅಲ್ಲಿ. ‘ಆರಾಮಾದ್ಲಲ್ಲ, ಮಾತ್ರೆ ಯಾಕೆ ಇನ್ನೂ? ಚಟ ಆಗುತ್ತೆ’ ಎಂದು ಮನೆಯವರು ಬಿಡಿಸುತ್ತಾರೆ. ಈ ಮಾತ್ರೆಯ ಕೋರ್ಸ್ 12ರಿಂದ 18 ತಿಂಗಳು. ಮೊದಮೊದಲು ನಾಲ್ಕರಿಂದ ಆರು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ನೋಡಿ ಡೋಸ್ ಇಳಿಸಬೇಕು. ನಡುವೆ ಬಿಟ್ಟರೆ ಕಾಯಿಲೆ ಮತ್ತೆ ಏರುತ್ತದೆ. ಪೂರ್ತಿ ಕೋರ್ಸ್ ಮುಗಿಸಿದ ಗ್ರೇವ್ಸ್ ರೋಗಿಗಳಲ್ಲೂ ಸುಮಾರು ಅರ್ಧದಷ್ಟು ಜನಕ್ಕೆ ಮರುಕಳಿಸಬಹುದು. ಅಂಥವರಿಗೆ ರೇಡಿಯೋ ಅಯೋಡಿನ್ ಅಥವಾ ಆಪರೇಷನ್ ದಾರಿ ಇದೆ. ಅದಾದ ಮೇಲೆ ಬಹುಪಾಲು ಜನಕ್ಕೆ ಥೈರಾಯ್ಡ್ ಕಡಿಮೆಯಾಗಿ, ಬದುಕಿಡೀ ದಿನಕ್ಕೊಂದು ಲಿವೋಥೈರಾಕ್ಸಿನ್ ಬೇಕಾಗುತ್ತದೆ. ಅದು ಸೋಲಲ್ಲ. ಹರಿದು ಹಾಳಾಗುತ್ತಿದ್ದ ನೀರನ್ನು ನಿಲ್ಲಿಸಿ ದಿನಕ್ಕೆ ಬೇಕಾದಷ್ಟು ಬಿಂದಿಗೆಯಲ್ಲಿ ತಂದಂತೆ.

ಎರಡು ಎಚ್ಚರಿಕೆ, ಮೊಬೈಲಿನಲ್ಲಿ ಉಳಿಸಿಟ್ಟುಕೊಳ್ಳಿ. ಒಂದು: ಕಾರ್ಬಿಮಜೋಲ್ ತೆಗೆದುಕೊಳ್ಳುವಾಗ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ ಬಿಳಿ ರಕ್ತಕಣ ಎಣಿಸಲು ಹೇಳಿ. ಸಾವಿರಕ್ಕೆ ಎರಡರಿಂದ ಐದು ಜನರಲ್ಲಿ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಈ ಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ‘ನೆಗಡಿ ಜ್ವರ’ ಎಂದು ಸುಮ್ಮನಿದ್ದರೆ ಜೀವ ಹೋಗಬಹುದು. ಎರಡು: ಗರ್ಭಿಣಿಯಾಗುವ ಯೋಚನೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸಬೇಕಾಗಬಹುದು. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ರೇಡಿಯೋ ಅಯೋಡಿನ್ ಕೊಡುವಂತಿಲ್ಲ.

ಇನ್ನೊಂದು ಸಂಗತಿ ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಗುಣವಾದಂತೆ ಕಳೆದುಕೊಂಡ ತೂಕ ಮರಳಿ ಬರುತ್ತದೆ. ಆಗ ಅದೇ ಪಂಕ್ತಿಯ ಅದೇ ಜನ ‘ಅಯ್ಯ, ದಪ್ಪ ಆದಿ ನೋಡು’ ಎನ್ನುತ್ತಾರೆ. ನಮ್ಮ ಗೆಳತಿ ಈ ಮಾತು ಕೇಳಿ ಮೂರು ವಾರ ಮಾತ್ರೆ ಬಿಟ್ಟಿದ್ದಳು. ಕಾಯಿಲೆ ತಿರುಗಿ ಬಂತು, ಡೋಸ್ ಮತ್ತೆ ಮೊದಲಿನಿಂದ ಶುರುವಾಯಿತು. ಹೆಣ್ಣುಮಕ್ಕಳ ತೂಕದ ಬಗ್ಗೆ ಬಾಯಿಗೆ ಬಂದಂತೆ ಮಾತಾಡುವುದು ನಿರುಪದ್ರವಿ ಹರಟೆ ಎಂದುಕೊಂಡಿದ್ದವರು ದಯವಿಟ್ಟು ಇದನ್ನು ಎರಡು ಸಲ ಓದಿ.

ಬಸ್ ಫ್ರೀ, ದಿನ ಫ್ರೀ ಅಲ್ಲ

ಈಗ ವ್ಯವಸ್ಥೆಯ ಮಾತು. ರಾಷ್ಟ್ರೀಯ ಅಗತ್ಯ ಔಷಧಗಳ 2022ರ ಪಟ್ಟಿಯಲ್ಲಿ ಕಾರ್ಬಿಮಜೋಲ್ ಇದೆ. ಹಳ್ಳಿಯ ಉಪಕೇಂದ್ರದಿಂದ ಜಿಲ್ಲಾಸ್ಪತ್ರೆಯವರೆಗೆ ಎಲ್ಲೆಲ್ಲಿ ಯಾವ ಪರೀಕ್ಷೆ ಸಿಗಬೇಕು ಎಂದು ಐಸಿಎಂಆರ್ 2019ರಲ್ಲೇ ಪಟ್ಟಿ ಮಾಡಿದೆ. ಕಾಗದದ ಮೇಲೆ ಕೊರತೆ ಇಲ್ಲ. ಆದರೆ ನಮ್ಮ ಗೆಳತಿ ಸರ್ಕಾರಿ ಆಸ್ಪತ್ರೆಗೆ ಹೋದ ಮೂರು ಸಲವೂ ‘ಥೈರಾಯ್ಡ್ ಕಿಟ್ ಖಾಲಿ, ಹೊರಗೆ ಮಾಡಿಸಿ’ ಎಂದರು. ಹೊರಗೆ ಎಂದರೆ ಖಾಸಗಿ ಲ್ಯಾಬ್, ಪ್ರತಿ ಸಲ ಕೆಲವು ನೂರು ರೂಪಾಯಿ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ. ಅದು ದೊಡ್ಡ ಸಹಾಯ, ಅಲ್ಲಗಳೆಯುವುದಿಲ್ಲ. ಆದರೆ ರಕ್ತ ಕೊಡಲು ಒಂದು ದಿನ, ರಿಪೋರ್ಟ್ ತರಲು ಇನ್ನೊಂದು ದಿನ ಹೋಗುತ್ತದೆ. ಸ್ಪೆಷಲಿಸ್ಟ್ ಬರುವ ವಾರಕ್ಕೆ ಮತ್ತೊಂದು ದಿನ. 2024-25ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಮೂರು ದಿನದ ಕೂಲಿ ಬಿಟ್ಟರೆ ಸಾವಿರ ರೂಪಾಯಿ ಹೋಯಿತು. ಇದನ್ನು ಹದಿನೆಂಟು ತಿಂಗಳು ಮಾಡಬೇಕು. ಅರ್ಧಕ್ಕೆ ಮಾತ್ರೆ ಬಿಟ್ಟ ಹೆಂಗಸನ್ನು ‘ಅಜ್ಞಾನ’ ಎಂದು ಬೈಯುವ ಡಾಕ್ಟರುಗಳು ಒಮ್ಮೆ ಈ ಲೆಕ್ಕ ಹಾಕಲಿ. ಅವಳಿಗೆ ಅಜ್ಞಾನವಿಲ್ಲ, ಅವಳ ಬಳಿ ದಿನಗಳಿಲ್ಲ.

‘ಬಿಪಿ, ಶುಗರ್‌ಗೇ ವ್ಯವಸ್ಥೆ ಸಾಲುತ್ತಿಲ್ಲ, ಈ ಅಪರೂಪದ್ದಕ್ಕೆ ಎಲ್ಲಿಂದ ತರೋಣ?’ ಎಂದು ಕೇಳುವವರಿದ್ದಾರೆ. ಕೋಟಿ ರೂಪಾಯಿಯ ಯಂತ್ರವನ್ನು ನಾವು ಕೇಳುತ್ತಿಲ್ಲ. ಬಿಪಿ ನೋಡುವ ಡಿಜಿಟಲ್ ಯಂತ್ರದಲ್ಲಿ ಮೂರು ಅಂಕಿ ಬರುತ್ತವೆ. ಮೇಲಿನ ಎರಡು ಬಿಪಿ, ಕೆಳಗಿನದು ನಾಡಿಬಡಿತ. ಮೇಲಿನ ಎರಡನ್ನು ಬರೆದುಕೊಂಡು ಮೂರನೆಯದನ್ನು ಬಿಡುತ್ತಾರೆ. ಹತ್ತು ನಿಮಿಷ ಸುಮ್ಮನೆ ಕೂತ ಮೇಲೂ ನಾಡಿ ನೂರರ ಮೇಲಿದ್ದು, ಜೊತೆಗೆ ತೂಕ ಇಳಿದಿದ್ದರೆ, ಥೈರಾಯ್ಡ್ ಪರೀಕ್ಷೆ ಬರೆದುಕೊಡಲು ಇನ್ನೇನು ಬೇಕು? ರಕ್ತಹೀನತೆ, ಜ್ವರದಿಂದಲೂ ನಾಡಿ ಏರುತ್ತದೆ, ನಿಜ. ಅದನ್ನೂ ನೋಡಲೇಬೇಕಲ್ಲವೇ?

ತಪ್ಪು ನಮ್ಮ ಕಸುಬಿನದ್ದೂ ಇದೆ. ಪತ್ರಿಕೋದ್ಯಮ ಓದಿ ಬಂದ ನಾವೇ ಆರೋಗ್ಯ ಪುಟಕ್ಕೆ ‘ಥೈರಾಯ್ಡ್‌ಗೆ ಕೊತ್ತಂಬರಿ ಬೀಜದ ನೀರು’ ಎಂಬಂಥದ್ದನ್ನು ಯಾವುದೋ ಫಾರ್ವರ್ಡ್‌ನಿಂದ ಎತ್ತಿ ಹಾಕಿದ್ದೇವೆ. ಯಾವ ಥೈರಾಯ್ಡ್‌ಗೆ ಎಂದು ನಾವೂ ಕೇಳಿರಲಿಲ್ಲ. ಕೊತ್ತಂಬರಿ ನೀರು ಕುಡಿದರೆ ಹಾನಿಯಿಲ್ಲ, ಅದನ್ನು ನಂಬಿ ಮಾತ್ರೆ ಬಿಟ್ಟರೆ ಹಾನಿ.

ನಮ್ಮ ಬೇಡಿಕೆ ಇಷ್ಟೇ. ತಾಲ್ಲೂಕು ಆಸ್ಪತ್ರೆಯಲ್ಲಿ ಥೈರಾಯ್ಡ್ ಪರೀಕ್ಷೆ ವರ್ಷವಿಡೀ ಉಚಿತವಾಗಿ ಸಿಗಲಿ. ರಕ್ತವನ್ನು ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ತೆಗೆದು ತಾಲ್ಲೂಕಿಗೆ ಕಳಿಸಲಿ, ರಿಪೋರ್ಟ್ ಫೋನಿಗೆ ಬರಲಿ. ಕಾರ್ಬಿಮಜೋಲ್ ಅಲ್ಲೇ ಸಿಗಲಿ. ಬಿಪಿ ಬರೆಯುವ ಪುಸ್ತಕದಲ್ಲಿ ನಾಡಿಗೂ ಒಂದು ಕಾಲಂ ಇರಲಿ. ನಿಮ್ಮ ಊರ ಗ್ರಾಮಸಭೆಯಲ್ಲಿ ಆರೋಗ್ಯದ ವಿಷಯ ಬಂದಾಗ ಇದನ್ನು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ಮನೆಯಲ್ಲಿ ಮಾಡಬೇಕಾದದ್ದಕ್ಕೆ ಯಾರ ಆದೇಶವೂ ಬೇಕಿಲ್ಲ. ಮಗಳು, ಸೊಸೆ, ತಾಯಿ ಯಾರೇ ಕಾರಣವಿಲ್ಲದೆ ಸಣ್ಣಗಾಗುತ್ತಿದ್ದರೆ, ಎರಡೂ ಕೈ ಮುಂದೆ ಚಾಚಲು ಹೇಳಿ ಬೆರಳು ನಡುಗುತ್ತವೆಯೇ ನೋಡಿ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಫೋನಿನ ಗಡಿಯಾರ ನೋಡುತ್ತಾ ಒಂದು ನಿಮಿಷ ನಾಡಿ ಎಣಿಸಿ. ಆಸ್ಪತ್ರೆಗೆ ಹೋದಾಗ ಆ ಅಂಕಿಯನ್ನು ಮೊದಲು ಹೇಳಿ. ಆಗ ‘ಟೆನ್ಷನ್’ ಎಂದು ವಾಪಸ್ ಕಳಿಸುವುದು ಅಷ್ಟು ಸುಲಭವಾಗುವುದಿಲ್ಲ.