ಥರ್ಮಾಮೀಟರು ಎಷ್ಟು ಕೈ ದಾಟಬೇಕು?



ನಮ್ಮ ಹಾಸ್ಟೆಲಿನ ಹುಡುಗನೊಬ್ಬನಿಗೆ ನಾಲ್ಕು ದಿನವಾದರೂ ಜ್ವರ ಬಿಡಲಿಲ್ಲ. ಆಸ್ಪತ್ರೆಗೆ ಕರಕೊಂಡು ಹೋದೆವು. ರಕ್ತ ತೆಗೆಯುವ ಕೋಣೆಯಲ್ಲಿ ನಮ್ಮ ಮುಂದಿದ್ದ ಹುಡುಗನಿಗೆ 'ಕೂತ್ಕೊಳ್ಳಪ್ಪ, ಸ್ವಲ್ಪ ಚುಚ್ಚುತ್ತೆ, ಆ ಕಡೆ ನೋಡು' ಅಂದರು. ನಮ್ಮವನ ಸರದಿ ಬಂತು. 'ಯಾವ ಹಾಸ್ಟೆಲ್ಲೋ?' ಹೇಳಿದ. ದನಿಯೇ ಬದಲಾಯ್ತು. 'ಕೈ ಚಾಚೋ. ಸ್ನಾನ ಮಾಡಲ್ವೇನ್ರೋ ನೀವು?' ಚುಚ್ಚಿದರು, ನರ ಸಿಗಲಿಲ್ಲ. ಮತ್ತೆ ಚುಚ್ಚಿದರು. ಯಾವ ಪರೀಕ್ಷೆ, ಯಾಕೆ ಅಂತ ಒಂದು ಮಾತಿಲ್ಲ. ಹತ್ತಿಯನ್ನು ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಎಸೆದರು. ಅವನು ರಿಪೋರ್ಟು ತರಲು ಹೋಗಲೇ ಇಲ್ಲ. 'ಇಲ್ಲೇ ಸಾಯ್ತೀನಿ, ಅಲ್ಲಿಗೆ ಮಾತ್ರ ಬರಲ್ಲ ಅಣ್ಣ' ಅಂದ.

ಇಷ್ಟಕ್ಕೂ ಒಂದು ಸಂಪಾದಕೀಯವೇ ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಹಳೆಯ ಸಂಗತಿ ಹೇಳಬೇಕು.

1929ರಲ್ಲಿ ಕಾಠಿಯಾವಾಡದ ಅಸ್ಪೃಶ್ಯ ಶಾಲಾ ಮಾಸ್ತರರೊಬ್ಬರು ಬರೆದ ಪತ್ರ ಆ ವರ್ಷದ ಡಿಸೆಂಬರ್ 12ರ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಬಾಬಾಸಾಹೇಬರು ತಮ್ಮ ಆತ್ಮಕಥನದ ಬರಹದಲ್ಲಿ ಅದನ್ನು ಎತ್ತಿ ಹೇಳಿದ್ದಾರೆ. ಮಾಸ್ತರರ ಹೆಂಡತಿ ಹಸಿ ಬಾಣಂತಿ. ಕಾಯಿಲೆ ಬಿತ್ತು. ಕೇರಿಯೊಳಗೆ ಕಾಲಿಡಲ್ಲ ಎಂದ ವೈದ್ಯ. ಎರಡು ರೂಪಾಯಿ ಫೀಜಿಗೆ ಊರಿನ ದೊಡ್ಡವರು ಜಾಮೀನು ನಿಂತ ಮೇಲೆ ಕೇರಿಯಾಚೆಗೆ ಬಂದ. ಬಾಣಂತಿಯನ್ನೇ ಹೊರಗೆ ಕರೆತರಬೇಕಾಯಿತು. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ. ಅವನು ಗಂಡನಿಗೆ, ಗಂಡ ಹೆಂಡತಿಗೆ. ಮತ್ತೆ ಅದೇ ದಾರಿಯಲ್ಲಿ ವಾಪಸ್. ದೀಪದ ಬೆಳಕಿಗೆ ಹಿಡಿದು ನೋಡಿ ನ್ಯುಮೋನಿಯಾ ಎಂದ. ಔಷಧ ಕಳಿಸಿದ. ಆಮೇಲೆ ನೋಡಲು ಬರಲೊಲ್ಲೆನೆಂದ. ಆ ತಾಯಿ ಸತ್ತಳು.

ಆ ವೈದ್ಯನಿಗೆ ವಿದ್ಯೆ ಇರಲಿಲ್ಲವೇ? ಇತ್ತು. ರೋಗದ ಹೆಸರು ಹೇಳಿದ. ಔಷಧವೂ ಇತ್ತು. ಇಲ್ಲದೇ ಇದ್ದದ್ದು ಮುಟ್ಟುವ ಕೈ. ರೂಪಾಯಿಗೆ ಮಾತ್ರ ಮೈಲಿಗೆ ಇರಲಿಲ್ಲ ನೋಡಿ!

ಇವತ್ತು ಥರ್ಮಾಮೀಟರನ್ನು ಹಾಗೆ ಕೈದಾಟಿಸಿದರೆ ಕೇಸಾಗುತ್ತದೆ ಅಂತ ಗೊತ್ತು. ಅದಕ್ಕೇ ಮೈಲಿಗೆ ಈಗ ನಾಲಿಗೆಗೆ ಬಂದು ಕೂತಿದೆ. ಏಕವಚನ, ಮೂಗು ಮುರಿಯುವುದು, ಎಸೆಯುವ ಹತ್ತಿ. ಕೈಗವಸು ಹಾಕಿದರೆ ನಮಗೆ ಸಿಟ್ಟಿಲ್ಲ. ರಕ್ತ ತೆಗೆಯುವಾಗ ಹಾಕಲೇಬೇಕು, ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಬದಲಿಸಲೂಬೇಕು. ಎಲ್ಲರಿಗೂ ಹಾಕಿದರೆ ಅದು ಎಚ್ಚರ. ನಾಡಿ ಹಿಡಿಯಲು ನಮಗೆ ಮಾತ್ರ ಹಾಕಿದರೆ ಅದು ಮಡಿ.

ಅವರಿಗೂ ಕಷ್ಟವಿದೆ, ಒಪ್ಪೋಣ. ಕಿಕ್ಕಿರಿದ ವಾರ್ಡು, ಗುತ್ತಿಗೆ ಕೆಲಸ, ರಾತ್ರಿ ಪಾಳಿ. ಆದರೆ 'ಸ್ವಲ್ಪ ಚುಚ್ಚುತ್ತೆ' ಅನ್ನಲು ಎಷ್ಟು ಹೊತ್ತು ಬೇಕು? ಮುಂದಿನ ಹುಡುಗನಿಗೆ ಇದ್ದ ಪುರಸೊತ್ತು ನಮ್ಮವನಿಗೆ ಯಾಕೆ ಇಲ್ಲವಾಯ್ತು?

ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಬೈಗುಳಕ್ಕೆ ಅಂಜಿ ನಡುವೆ ಬಿಟ್ಟವನ ರೋಗ ಆಮೇಲೆ ಅದೇ ಮದ್ದಿಗೆ ಬಗ್ಗದೆ ಹೋಗಬಹುದು. ಬೈದವರ ಹೆಸರು ಸಾವಿನ ಚೀಟಿಯಲ್ಲಿ ಬರೆಯುವುದಿಲ್ಲ.

ಕಾನೂನು ನಮ್ಮ ಕಡೆಗಿದೆ, ಓದಿಕೊಳ್ಳಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯ 5ನೇ ಕಲಮಿನ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿರುವುದೂ ಅಪರಾಧ, ಸೇರಿಸಿಕೊಂಡ ಮೇಲೆ ಭೇದ ಮಾಡುವುದೂ ಅಪರಾಧ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾಹಿತಿ, ಒಪ್ಪಿಗೆ, ಗೌರವ, ಗುಟ್ಟು ಎಲ್ಲವೂ ಇವೆ. ಗಂಡು ವೈದ್ಯ ಹೆಣ್ಣುಮಗಳನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು. ಹಾಸ್ಟೆಲಿನ ಅಕ್ಕತಂಗಿಯರು ಇದನ್ನು ನೆನಪಿಡಿ.

ಇನ್ನೊಂದು ಮಾತು, ನಮಗೇ ಹೇಳಿಕೊಳ್ಳಬೇಕಾದ್ದು. ನಮ್ಮಲ್ಲೂ ಕೆಲವರು ನರ್ಸ್, ಡಾಕ್ಟರ್, ಲ್ಯಾಬ್ ಟೆಕ್ನೀಷಿಯನ್ ಆಗ್ತೀರಿ. ಬಿಳಿ ಕೋಟು ಹಾಕಿದ ಮರುದಿನವೇ ಹಳ್ಳಿಯ ಮುದುಕಿಗೆ 'ಏಯ್' ಅನ್ನುವವರನ್ನು ನಾವೂ ಕಂಡಿದ್ದೇವೆ. ಹಾಗಾದರೆ ಓದಿದ್ದೇಕೆ? ಹೆಸರು ಹಿಡಿದು ಕರೆಯಿರಿ. ಏನು ಮಾಡುತ್ತೀರೆಂದು ಮೊದಲು ಹೇಳಿ. ಪರದೆ ಎಳೆಯಿರಿ. ನೋವಾಯ್ತಾ ಅಂತ ಕೇಳಿ.

ಆ ಹುಡುಗನನ್ನು ಒಬ್ಬನೇ ಕಳಿಸಿದರೆ ಹೋಗಲ್ಲ. ಐದು ಜನ ಜೊತೆಗೆ ಹೋಗೋಣ. ಗಲಾಟೆ ಬೇಡ, ಕೂಗಾಟ ಬೇಡ. 'ಯಾವ ಪರೀಕ್ಷೆ, ಯಾಕೆ, ಹೇಳಿ ಮೇಡಂ' ಅಂತ ನಿಂತು ಕೇಳೋಣ. ಉತ್ತರ ಬರದಿದ್ದರೆ ದಿನ, ಗಂಟೆ, ಆಡಿದ ಮಾತು ಬರೆದು ಆಸ್ಪತ್ರೆಯ ಮುಖ್ಯಸ್ಥರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋಣ.

ಅವನಿಗೆ ಇನ್ನೂ ಜ್ವರವಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಹಾಸ್ಟೆಲ್ ಗೇಟಿನ ಹತ್ತಿರ ಬನ್ನಿ.

ಜೈ ಭೀಮ್.