ಅನುಭವದ ಹೆಸರಿನ ಬಿಟ್ಟಿಚಾಕರಿ

ವಿದ್ಯಾರ್ಥಿಗಳಿಗೆ ತರಗತಿಯಾಚೆಗಿನ ಕಲಿಕೆ ಬೇಕೆಂಬುದರಲ್ಲಿ ತಕರಾರಿಲ್ಲ. ಅದರ ವೆಚ್ಚವನ್ನು ಭರಿಸುವವರು ಯಾರೆಂಬುದೇ ಪ್ರಶ್ನೆ. ‘ಬ್ಲ್ಯಾಕ್ ಸ್ವಾನ್’ ಚಿತ್ರಕ್ಕಾಗಿ ಸಂಬಳವಿಲ್ಲದೆ ದುಡಿದ ಇಂಟರ್ನ್‌ಗಳ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2015ರಲ್ಲಿ, ಮುಖ್ಯ ಲಾಭ ಇಂಟರ್ನ್‌ಗೇ ಸಂದರೆ ಕೂಲಿ ಕೊಡಬೇಕಿಲ್ಲವೆಂದಿತು. ಕಾರ್ಮಿಕ ಇಲಾಖೆ 2018ರಲ್ಲಿ ಅದೇ ಮಾನದಂಡವನ್ನು ಒಪ್ಪಿಕೊಂಡಿತು. ಹೀಗಾಗಿ ಕ್ರೆಡಿಟ್‌ಗೆಂದು ವಿಶ್ವವಿದ್ಯಾಲಯಕ್ಕೆ ಶುಲ್ಕ ಕಟ್ಟಿ, ಕಂಪನಿಗೆ ಪುಕ್ಕಟೆ ದುಡಿಯುವ ವಿಪರ್ಯಾಸ ಕಾನೂನುಬದ್ಧವಾಗಿಯೇ ಉಳಿದಿದೆ.

ಬೇಸಿಗೆಯ ಬಾಡಿಗೆಯನ್ನು ಹೆತ್ತವರು ಕಟ್ಟಬಲ್ಲವರಿಗೆ ಇದು ಅವಕಾಶ. ಹೊಲ ಅಡವಿಟ್ಟು ಎಫ್-1 ವೀಸಾದಲ್ಲಿ ಬಂದ ಕರ್ನಾಟಕದ ವಿದ್ಯಾರ್ಥಿಗೆ ಇದು ಮುಚ್ಚಿದ ಬಾಗಿಲು. ಅನುಮತಿಯಿಲ್ಲದೆ ಕ್ಯಾಂಪಸ್ಸಿನಾಚೆ ದುಡಿದು ಸರಿದೂಗಿಸುವಂತೆಯೂ ಇಲ್ಲ.

ಇಂಥ ದುಡಿಮೆಗೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಬಿಟ್ಟಿ. ಕ್ರೆಡಿಟ್ಟಿನ ಮುದ್ರೆಯೊತ್ತಿದ ಮಾತ್ರಕ್ಕೆ ಅದು ಶಿಕ್ಷಣವಾಗದು. ಕೂಲಿ ಕೊಡದ ಕಂಪನಿಗಳಿಗೆ ಆ ಮುದ್ರೆಯನ್ನು ವಿಶ್ವವಿದ್ಯಾಲಯಗಳು ಮೊದಲು ನಿರಾಕರಿಸಲಿ.