ದತ್ತುಪುತ್ರನ ಮೃತ್ಯುಪತ್ರ

ಶಬರಿಕೊಳ್ಳದ ದರ್ಶನಕ್ಕೆಂದು ಸುರೇಬಾನಕ್ಕೆ ಹೋಗಿಬರುವ ನಮ್ಮ ಭಕ್ತರಲ್ಲಿ ಆ ಊರಿನ ಇನ್ನೊಂದು ಕಥೆ ಎಷ್ಟು ಜನರಿಗೆ ಗೊತ್ತಿದೆಯೋ ನಾವು ಅರಿಯೆವು. 1858ರ ಮೇ 29ರ ರಾತ್ರಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಇಲ್ಲಿಯೇ ಬೀಡುಬಿಟ್ಟಿದ್ದಾಗ ನರಗುಂದದ ಬಾಬಾಸಾಹೇಬರು ಮುತ್ತಿಗೆ ಹಾಕಿ ಅವನನ್ನು ಕೊಂದರು. ಅವನ ರುಂಡವನ್ನು ನರಗುಂದದ ಅಗಸಿಗೆ ತೂಗುಹಾಕಲಾಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 12ರಂದು, ಬಾಬಾಸಾಹೇಬರು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಆ ಬಂಡಾಯಕ್ಕೆ ಕಾರಣಗಳು ಹಲವು. ಮಗನಿಲ್ಲದ ಅವರು ದತ್ತಕ ಸ್ವೀಕರಿಸಲು ಸರಕಾರ ಒಪ್ಪಿಗೆ ಕೊಡದಿದ್ದುದು ಅವುಗಳಲ್ಲಿ ದೊಡ್ಡದು. ಅದಕ್ಕಿಂತ 34 ವರ್ಷ ಮೊದಲು, 1824ರಲ್ಲಿ, ಕಿತ್ತೂರಿನ ದತ್ತಕವನ್ನು ಥ್ಯಾಕರೆ ಮಾನ್ಯ ಮಾಡಲಿಲ್ಲ. ರಾಣಿ ಚೆನ್ನಮ್ಮನವರು ಕತ್ತಿ ಹಿಡಿಯಬೇಕಾಯಿತು. ವಾರಸುದಾರನಿಲ್ಲ ಎಂಬ ಒಂದು ಮಾತಿನಿಂದ ಮಲಪ್ರಭೆಯ ಸೀಮೆಯಲ್ಲಿ ಹರಿದ ರಕ್ತ ಅಷ್ಟಿಷ್ಟಲ್ಲ.

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸುರೇಬಾನದ ನೆರೆಯ ಸವದತ್ತಿ ತಾಲೂಕಿನ ಶಿರಸಂಗಿಯ ಕಡೆಗೆ ನಮ್ಮ ವಾಚಕರು ಒಮ್ಮೆ ನೋಡಬೇಕು. ಕಾಳಿಕಾದೇವಿಯ ಕ್ಷೇತ್ರವೆಂದು ಹೆಸರಾದ ಆ ಊರಿನ ದೇಸಗತಿಗೆ ಬಾಲ್ಯದಲ್ಲಿಯೇ ದತ್ತಕನಾಗಿ ಬಂದವರು ತ್ಯಾಗವೀರ ಲಿಂಗರಾಜರು. ನರಗುಂದದ ಬಂಡಾಯವಾಗಿ ಮೂರು ವರ್ಷವೂ ತುಂಬಿರಲಿಲ್ಲ; 1861ರ ಜನವರಿ 10ರಂದು ಶಿಗ್ಲಿಯ ಒಕ್ಕಲುತನದ ಮನೆಯಲ್ಲಿ ಅವರು ಹುಟ್ಟಿದರು. ಹೆತ್ತವರು ಇಟ್ಟ ಹೆಸರು ರಾಮಪ್ಪ. ದತ್ತಕವಾದ ಬಳಿಕ ಅವರು ಲಿಂಗರಾಜರಾದರು. ಅಷ್ಟರಲ್ಲಿ ಕಾಲ ಬದಲಾಗಿತ್ತು. ದತ್ತಕವನ್ನು ನೆಪ ಮಾಡಿಕೊಂಡು ಸಂಸ್ಥಾನಗಳನ್ನು ನುಂಗುವ ಧೋರಣೆಯನ್ನು ಸರಕಾರ 1857ರ ಪೆಟ್ಟಿನ ನಂತರ ಕೈಬಿಟ್ಟಿತ್ತು.

ದೇಸಾಯಿ ಎಂದರೆ ಆಗಿನ ಕಾಲಕ್ಕೆ ಏನು ಕಡಿಮೆ? ಎರೆಭೂಮಿ, ಜೋಳದ ಹಗೇವು, ಹಟ್ಟಿ ತುಂಬ ದನಕರು, ವಾಡೆಯ ಮುಂದೆ ಕೈಕಟ್ಟಿ ನಿಂತ ಆಳುಕಾಳು. ಕಂದಾಯ ವಸೂಲಿಯ ಹಳೆಯ ಅಧಿಕಾರ ಕಳೆದುಹೋಗಿದ್ದರೂ ವತನದ ಮರ್ಯಾದೆ ಉಳಿದಿತ್ತು. ಹೊಲಮನೆ ನೋಡಿಕೊಂಡು, ಕಲೆಕ್ಟರ ಸಾಹೇಬರಿಗೆ ವರ್ಷಕ್ಕೊಮ್ಮೆ ನಜರು ಒಪ್ಪಿಸಿ, ಬಿರುದು ಪಡೆದು ಆಯುಷ್ಯ ಕಳೆದ ದೇಸಾಯಿಗಳು ಹಲವರು. ಅವರ ಹೆಸರುಗಳನ್ನು ಇಂದು ಅವರ ಮೊಮ್ಮಕ್ಕಳೂ ಹೇಳಲಾರರು. (ಹೊಲದ ಬದುವಿನ ಜಗಳದ ಕಾಗದಗಳಲ್ಲಿ ಮಾತ್ರ ಆ ಹೆಸರುಗಳು ಇನ್ನೂ ಜೀವಂತವಾಗಿವೆ.)

ಲಿಂಗರಾಜರು ವಾಡೆಯಿಂದ ಹೊರಗೆ ಬಂದರು. ಆಗ ನಮ್ಮ ಸಮಾಜಕ್ಕೆ ಭೂಮಿಯಿತ್ತು, ವ್ಯಾಪಾರವಿತ್ತು, ವಿದ್ಯೆ ಮಾತ್ರ ಇರಲಿಲ್ಲ. ಕಚೇರಿಯ ಕಾಗದವನ್ನು ಓದಿಸಲು ಊರ ಗೌಡನೂ ಮತ್ತೊಬ್ಬರ ಕಟ್ಟೆಗೆ ಹೋಗಬೇಕಾಗಿತ್ತು. ಈ ಕೊರತೆಯನ್ನು ಕಂಡೇ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಹಿರಿಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದ್ದರು. 1904ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಅದೇ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನ ಕೂಡಿದಾಗ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಶಿರಸಂಗಿಯ ಈ ದೇಸಾಯಿಯವರೇ. ಚದುರಿಹೋಗಿದ್ದ ಜನರನ್ನು ಒಂದೆಡೆ ಕೂಡಿಸಿ, ಅವರ ಬೇಡಿಕೆಗೆ ಬಾಯಿ ಕೊಡುವುದೇ ರಾಜಕಾರಣವಾದರೆ, ಅಂಥ ರಾಜಕಾರಣಕ್ಕೆ ನಮ್ಮಲ್ಲಿ ಬುನಾದಿ ಹಾಕಿದವರಲ್ಲಿ ಇವರನ್ನು ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ.

ಆದರೆ ಅವರ ನಿಜವಾದ ಪರೀಕ್ಷೆ ವಾಡೆಯ ಒಳಗೇ ಇತ್ತು. ದೇಸಗತಿಗೆ ವಾರಸುದಾರ ಮಗನಿರಲಿಲ್ಲ. ತಾವೇ ದತ್ತಕರಾಗಿ ಬಂದವರು. ಇನ್ನೊಬ್ಬ ಹುಡುಗನನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಮನೆತನದ ಹೆಸರು ಉಳಿಯಬೇಕೆಂಬ ಆಸೆಯನ್ನು ಗೆಲ್ಲುವುದು ಎಷ್ಟು ಕಷ್ಟವೆಂಬುದನ್ನು ಮಕ್ಕಳಿಲ್ಲದ ಮನೆಗಳ ಸಂಕಟವನ್ನು ಹತ್ತಿರದಿಂದ ಕಂಡವರೇ ಬಲ್ಲರು. ಲಿಂಗರಾಜರು ಮೃತ್ಯುಪತ್ರ ಬರೆದು, ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಒಪ್ಪಿಸಿದರು. 1906ರ ಆಗಸ್ಟ್ 23ರಂದು ಲಿಂಗೈಕ್ಯರಾದಾಗ ಅವರಿಗೆ ಕೇವಲ 45 ವರ್ಷ.

ಆ ಕಾಗದ ಕೈಗೂಡಲು ಬಹಳ ಕಾಲ ಹಿಡಿಯಿತು. ನವಲಗುಂದ-ಶಿರಸಂಗಿ ಟ್ರಸ್ಟ್ ರೂಪುಗೊಂಡಿದ್ದು 1930ರಲ್ಲಿ, ಅಂದರೆ ಅವರು ಕಣ್ಣುಮುಚ್ಚಿ 24 ವರ್ಷಗಳ ಮೇಲೆ. 1906ರಲ್ಲಿ ಶಾಲೆಯ ಹೊಸ್ತಿಲು ತುಳಿಯಬೇಕಾಗಿದ್ದ ಬಡ ಹುಡುಗ ಅಷ್ಟರಲ್ಲಿ ಮೂವತ್ತು ದಾಟಿ ನೇಗಿಲು ಹಿಡಿದಿದ್ದ. ಇದನ್ನು ನೆನೆದರೆ ನಮಗೆ ಇಂದಿಗೂ ವ್ಯಥೆಯಾಗುತ್ತದೆ. ಟ್ರಸ್ಟ್ ನಡೆಯತೊಡಗಿದ ಮೇಲೆ ಮಾತ್ರ ಅದರ ವಿದ್ಯಾರ್ಥಿವೇತನದ ಬಲದಿಂದ ಹಳ್ಳಿಯ ಹುಡುಗರು ಕಾಲೇಜಿನ ಮೆಟ್ಟಿಲು ಹತ್ತಿದರು. 1916ರಲ್ಲಿ ಹುಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ತನ್ನ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು.

ನಮ್ಮದೊಂದು ವಿನಂತಿ. ಶಿರಸಂಗಿ ಟ್ರಸ್ಟಿನ ನೆರವಿನಿಂದ ಓದಿ ಮುಂದೆ ಬಂದ ಹಿರಿಯರು ವಾಚಕರ ಮನೆಗಳಲ್ಲಿ ಇದ್ದರೆ, ಮೊದಲ ಕಂತಿನ ಹಣ ಕೈಗೆ ಬಂದ ದಿನದ ನೆನಪನ್ನು ಅವರಿಂದ ಕೇಳಿ ಬರೆದು ಕಳುಹಿಸಿರಿ. ಕಾಗದ ಸಣ್ಣದಾದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಅರಟಾಳ ರುದ್ರಗೌಡರ ವಿಷಯವನ್ನು ನೋಡೋಣ.